ಕರೆ ಬಂದ ಮನೆಯಲ್ಲೇ ಇರು, ಮಗಳೇ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ನೀನು ಯೇಸು ಸ್ವಾಮಿಯನ್ನು ನಂಬಿದ್ದೀಯ ಎಂದು ಓದಿದಾಗ ನನಗಾದ ಸಂತೋಷ ಬರೆದು ಮುಗಿಸುವಂಥದ್ದಲ್ಲ. ಆದರೆ ಅದೇ ಪತ್ರದ ಕೆಳಗಿನ ಸಾಲುಗಳು ನನ್ನ ನಿದ್ದೆ ಕೆಡಿಸಿದವು. "ನಂಬಿಕೆಯಿಲ್ಲದ ಗಂಡನ ಜೊತೆ ಬಾಳುವುದು ಪಾಪ, ಬಿಟ್ಟು ಬಾ" ಎಂದು ಯಾರೋ ನಿನಗೆ ಹೇಳಿದ್ದಾರೆ. ನೀನು ಅದನ್ನು ಅರ್ಧ ಒಪ್ಪಿಯೂ ಬಿಟ್ಟಿದ್ದೀಯ. ಹಾಗಾದರೆ ಮಕ್ಕಳ ಗತಿ ಏನು, ಕೆಲಸವನ್ನೂ ಬಿಡಬೇಕಾ ಎಂದು ಕೇಳಿದ್ದೀಯ.

ಸುತ್ತಿ ಬಳಸಿ ಹೇಳುವುದಿಲ್ಲ. ಗಂಡನನ್ನು ಬಿಡಬೇಡ. ನಿನ್ನ ನಂಬಿಕೆ ಅದನ್ನು ಕೇಳುತ್ತಿಲ್ಲ. ನಿನಗೆ ಹಾಗೆ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಸತ್ಯವೇದ, ಅಂದರೆ ಬೈಬಲ್, ಹೇಳುವುದು ಅದಕ್ಕೆ ತದ್ವಿರುದ್ಧ. ನನ್ನ ಮಾತನ್ನೂ ಸುಮ್ನೆ ನಂಬಬೇಡ. ಸತ್ಯವೇದ ತೆಗೆದು ಪಕ್ಕದಲ್ಲಿಟ್ಟುಕೊಂಡು ಈ ಪತ್ರ ಓದು.

ಕೊರಿಂಥದವರಿಗೆ ಅಪೊಸ್ತಲ ಪೌಲ, ಅಂದರೆ ಸುವಾರ್ತೆ ಸಾರಲು ಕ್ರಿಸ್ತನು ಕಳಿಸಿದವನು, ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯಕ್ಕೆ ಹೋಗು. ನಿನ್ನ ಪ್ರಶ್ನೆಯನ್ನೇ ಅಲ್ಲಿಯವರೂ ಕೇಳಿದ್ದರು. ಸುಮಾರು ಕ್ರಿ.ಶ. 55ರ ಮಾತು. ಪೌಲ ಎಫೆಸ ಪಟ್ಟಣದಲ್ಲಿದ್ದ. ಕೊರಿಂಥದ ಸಭೆ, ಅಂದರೆ ಅಲ್ಲಿ ಕ್ರಿಸ್ತನನ್ನು ನಂಬಿದವರ ಕೂಟ, ಅವನೇ ಕಟ್ಟಿದ್ದು. ಅಲ್ಲಿ ಒಂದೂವರೆ ವರ್ಷ ಇದ್ದು, ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಜೊತೆ ಗುಡಾರದ ಕೆಲಸ ಮಾಡುತ್ತಾ ಬೋಧಿಸಿದ್ದ. ಅವನು ಹೊರಟ ಮೇಲೆ ಅವರಿಗೆ ನೂರೆಂಟು ಅನುಮಾನ ಬಂದವು. ಕಾಗದ ಬರೆದು ಕೇಳಿದರು. 7ನೇ ಅಧ್ಯಾಯ ಶುರುವಾಗುವುದೇ "ನೀವು ಬರೆದು ಕೇಳಿದ ವಿಷಯಗಳ ಬಗ್ಗೆ" ಎಂಬ ಅರ್ಥದ ಮಾತಿನಿಂದ.

ಆ ಊರು ಎಂಥದ್ದು ಎಂದು ಸ್ವಲ್ಪ ತಿಳಿದುಕೊಂಡರೆ ಪೌಲನ ಉತ್ತರ ಎಷ್ಟು ಧೈರ್ಯದ್ದು ಎಂದು ಗೊತ್ತಾಗುತ್ತದೆ. ಕೊರಿಂಥ ರೋಮಿನವರ ಕೈಕೆಳಗಿದ್ದ ಬಂದರು ಪಟ್ಟಣ. ರೋಮಿನ ಪದ್ಧತಿಯಲ್ಲಿ ಮದುವೆ ಮುರಿಯುವುದು ಬಹಳ ಸುಲಭವಿತ್ತು. ನ್ಯಾಯಾಲಯಕ್ಕೆ ಹೋಗಬೇಕಿರಲಿಲ್ಲ, ಇಬ್ಬರಲ್ಲಿ ಒಬ್ಬರು ಬೇಡ ಎಂದು ಹೊರಟುಬಿಟ್ಟರೆ ಮುಗಿಯಿತು. ಇನ್ನೊಂದು ಕಡೆ, ಗಂಡನ ದೇವರುಗಳನ್ನೇ ಹೆಂಡತಿಯೂ ಪೂಜಿಸಬೇಕು, ಬೇರೆ ಯಾವ ದೇವರಿಗೂ ಬಾಗಿಲು ತೆರೆಯಬಾರದು ಎಂಬುದು ಅಂದಿನ ರೂಢಿ. ಪ್ಲುಟಾರ್ಕ್ ಎಂಬ ಗ್ರೀಕ್ ಬರಹಗಾರ, ಪೌಲನ ನಂತರದ ತಲೆಮಾರಿನವನು, ಹೊಸದಾಗಿ ಮದುವೆಯಾದವರಿಗೆ ಹೀಗೇ ಬುದ್ಧಿ ಹೇಳಿದ್ದಾನೆ. ಈಗ ಯೋಚಿಸು. ಅಂಥ ಊರಲ್ಲಿ ಒಬ್ಬ ಹೆಂಗಸು ಕ್ರಿಸ್ತನನ್ನು ನಂಬಿದಳು, ಗಂಡ ನಂಬಲಿಲ್ಲ. ಮನೆಯಲ್ಲಿ ಅವಳಿಗೆ ಎಷ್ಟು ಕಷ್ಟ ಬಂದಿರಬೇಕು! ಬಿಟ್ಟು ಹೋಗುವ ದಾರಿ ತೆರೆದೇ ಇತ್ತು. ಬಿಡುವುದೇ ಭಕ್ತಿ ಎಂದು ಹೇಳುವವರೂ ಸಭೆಯಲ್ಲಿದ್ದರು. ಗಂಡ ಹೆಂಡತಿ ಒಂದಾಗಿ ಬಾಳುವುದೇ ಪವಿತ್ರತೆಗೆ ಅಡ್ಡಿ ಎನ್ನುವಷ್ಟು ದೂರ ಕೆಲವರು ಹೋಗಿದ್ದರು.

ಪೌಲ ಏನು ಹೇಳಿದ? 12ನೇ ವಚನದಿಂದ ಓದು. ಒಬ್ಬ ಸಹೋದರನಿಗೆ ನಂಬದ ಹೆಂಡತಿ ಇದ್ದು, ಅವಳು ಅವನ ಜೊತೆ ಬಾಳಲು ಒಪ್ಪಿದರೆ ಅವನು ಅವಳನ್ನು ಬಿಡಬಾರದು. ಒಬ್ಬ ಹೆಂಗಸಿಗೆ ನಂಬದ ಗಂಡ ಇದ್ದು, ಅವನು ಅವಳ ಜೊತೆ ಬಾಳಲು ಒಪ್ಪಿದರೆ ಅವಳು ಅವನನ್ನು ಬಿಡಬಾರದು. ಇಷ್ಟೇ. ಗಂಡನಿಗೆ ಹೇಳಿದ್ದನ್ನೇ ಹೆಂಡತಿಗೂ ಹೇಳಿದ್ದಾನೆ, ತೂಕ ಕಮ್ಮಿ ಜಾಸ್ತಿ ಮಾಡಿಲ್ಲ.

ಅಲ್ಲಿ "ಇದು ನಾನು ಹೇಳುವುದು, ಕರ್ತನಲ್ಲ" ಎಂಬ ಅರ್ಥದ ಮಾತಿದೆ ನೋಡು. ಕರ್ತ ಎಂದರೆ ಯೇಸು ಸ್ವಾಮಿ. ಹಾಗಾದರೆ ಇದು ಪೌಲನ ಸ್ವಂತ ಅಭಿಪ್ರಾಯ, ಪಾಲಿಸದಿದ್ದರೂ ನಡೆಯುತ್ತದೆ ಎಂದು ಕೆಲವರು ವಾದ ಮಾಡುತ್ತಾರೆ. ಅದು ಸರಿಯಲ್ಲ. ಮೇಲಿನ 10ನೇ ವಚನದಲ್ಲಿ ಅವನು "ನಾನಲ್ಲ, ಕರ್ತನೇ ಹೇಳಿದ್ದು" ಎನ್ನುತ್ತಾನೆ. ಮದುವೆಯ ಬಗ್ಗೆ ಯೇಸು ಸ್ವಾಮಿ ಜನರ ಮುಂದೆ ಆಡಿದ ಮಾತು ಅವನ ಮನಸ್ಸಿನಲ್ಲಿತ್ತು, ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಮಾತು, ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು ಎಂಬುದು. ಆದರೆ ಒಬ್ಬರು ನಂಬಿ ಇನ್ನೊಬ್ಬರು ನಂಬದ ಸಂಸಾರದ ಬಗ್ಗೆ ಸ್ವಾಮಿ ಪ್ರತ್ಯೇಕವಾಗಿ ಮಾತಾಡಿರಲಿಲ್ಲ. ಆ ಪರಿಸ್ಥಿತಿ ಬಂದದ್ದೇ ಆಮೇಲೆ. ಅದಕ್ಕೆ ಪೌಲ ಅಪೊಸ್ತಲನಾಗಿ ಉತ್ತರ ಕೊಡುತ್ತಿದ್ದಾನೆ. ಅಧ್ಯಾಯದ ಕೊನೆಗೆ ತನಗೂ ದೇವರ ಆತ್ಮವಿದೆ ಎಂದು ನೆನಪಿಸುತ್ತಾನೆ.

ಈಗ 14ನೇ ವಚನ. ನಿನ್ನ ಭಯಕ್ಕೆ ಮದ್ದು ಇರುವುದು ಅಲ್ಲೇ. ನಂಬದ ಗಂಡನ ಸಂಗದಿಂದ ನಾನು ಅಶುದ್ಧಳಾಗುತ್ತೇನೆ ಎಂದು ನೀನು ಹೆದರಿದ್ದೀಯ ಅಲ್ವಾ? ಪೌಲ ಹೇಳುವುದು ಉಲ್ಟಾ. ನಂಬದ ಗಂಡನು ನಂಬಿದ ಹೆಂಡತಿಯ ಮೂಲಕ ಪವಿತ್ರನಾಗಿದ್ದಾನೆ ಎನ್ನುತ್ತಾನೆ. ಸತ್ಯವೇದದ ಮೊದಲ ಭಾಗವಾದ ಹಳೇ ಒಡಂಬಡಿಕೆಯಲ್ಲಿ ಹಗ್ಗಾಯ ಎಂಬ ಪ್ರವಾದಿಯ ಪುಸ್ತಕವಿದೆ, ಎರಡೇ ಅಧ್ಯಾಯ. ಅಲ್ಲಿ ಯಾಜಕರಿಗೆ ಒಂದು ಪ್ರಶ್ನೆ ಹಾಕುತ್ತಾರೆ. ಪವಿತ್ರ ಮಾಂಸ ಕಟ್ಟಿಕೊಂಡ ಬಟ್ಟೆ ರೊಟ್ಟಿಗೆ ತಾಕಿದರೆ ರೊಟ್ಟಿ ಪವಿತ್ರವಾಗುತ್ತದಾ? ಇಲ್ಲ ಎನ್ನುತ್ತಾರೆ ಯಾಜಕರು. ಹೆಣ ಮುಟ್ಟಿ ಅಶುದ್ಧನಾದವನು ರೊಟ್ಟಿ ಮುಟ್ಟಿದರೆ ಅಶುದ್ಧವಾಗುತ್ತದಾ? ಹೌದು ಎನ್ನುತ್ತಾರೆ. ಅಂದರೆ ಕೊಳೆ ಹರಡುತ್ತದೆ, ಪವಿತ್ರತೆ ಹರಡುವುದಿಲ್ಲ. ಅಂದಿನ ಲೆಕ್ಕ ಅದು. ಆಮೇಲೆ ಯೇಸು ಸ್ವಾಮಿ ಬಂದರು. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಅವರು ಅಶುದ್ಧರಾಗಲಿಲ್ಲ, ರೋಗಿ ಶುದ್ಧನಾದ. ಹರಿವಿನ ದಿಕ್ಕೇ ಬದಲಾಯಿತು. ಪೌಲ ಅದೇ ದಿಕ್ಕಿನಲ್ಲಿ ನಿನ್ನ ಮದುವೆಯನ್ನು ನೋಡುತ್ತಾನೆ. ನಿನ್ನಲ್ಲಿರುವ ಕ್ರಿಸ್ತನು ನಿನ್ನ ಗಂಡನ ಅಪನಂಬಿಕೆಗಿಂತ ದೊಡ್ಡವನು, ಮಗಳೇ. ಹೆದರಿ ದೂರ ಸರಿಯಬೇಕಾದವಳು ನೀನಲ್ಲ.

ಹಾಗಂತ ನಿನ್ನ ನಂಬಿಕೆಯಿಂದ ಅಳಿಯಂದಿರಿಗೆ ರಕ್ಷಣೆ ಸಿಕ್ಕಿತು ಎಂದು ಅರ್ಥವಲ್ಲ. ಅವರ ನಂಬಿಕೆ ಅವರದ್ದೇ ಆಗಬೇಕು. 16ನೇ ವಚನದಲ್ಲಿ ಪೌಲ ಕೇಳುವ ಪ್ರಶ್ನೆ ನೋಡು: ನೀನು ನಿನ್ನ ಗಂಡನನ್ನು ರಕ್ಷಿಸುತ್ತೀಯೋ ಏನೋ, ನಿನಗೇನು ಗೊತ್ತು? ಇದನ್ನು ಆಸೆ ಹುಟ್ಟಿಸುವ ಮಾತು ಎಂದು ಕೆಲವರು ಓದುತ್ತಾರೆ, ಎಚ್ಚರಿಕೆಯ ಮಾತು ಎಂದು ಇನ್ನು ಕೆಲವರು. ಎರಡೂ ನಿನಗೆ ಬೇಕು ಎಂದು ನನಗನಿಸುತ್ತದೆ. ಆಸೆ ಬಿಡಬೇಡ. ಆದರೆ ಅವರನ್ನು ರಕ್ಷಿಸುವ ಭಾರವನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ. ರಕ್ಷಕನು ಒಬ್ಬನೇ. ನೀನು ಹೆಂಡತಿ.

ಮಕ್ಕಳ ಬಗ್ಗೆಯೂ ಆ 14ನೇ ವಚನದಲ್ಲೇ ಇದೆ. ಅವರು ಪವಿತ್ರರು ಎನ್ನುತ್ತಾನೆ. ಒಬ್ಬರೇ ನಂಬಿದ ಮನೆಯಲ್ಲಿ ಬೆಳೆದ ಮಕ್ಕಳು ದೇವರಿಗೆ ದೂರದವರಲ್ಲ. ತಿಮೊಥೆಯನನ್ನು ನೆನಪಿಸಿಕೋ. ಅವನ ತಾಯಿ ಯೂನಿಕೆ ನಂಬಿದ ಯೆಹೂದ್ಯಳು. ತಂದೆ ಗ್ರೀಕನು ಎಂದಷ್ಟೇ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಹೇಳುತ್ತದೆ, ಅವನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ಆ ತಾಯಿ ಮತ್ತು ಅಜ್ಜಿ ಲೋವಿ ಹುಡುಗನಿಗೆ ಚಿಕ್ಕಂದಿನಿಂದಲೇ ದೇವರ ವಾಕ್ಯ ಕಲಿಸಿದರು. ಅವನೇ ಮುಂದೆ ಪೌಲನ ಬಲಗೈ ಆದ, ಪೌಲ ಅವನನ್ನು ಮಗ ಎಂದೇ ಕರೆದ. ನೀನು ಮನೆ ಬಿಟ್ಟು ಮಕ್ಕಳನ್ನು ಎಳೆದುಕೊಂಡು ಹೊರಟರೆ ಅವರು ಮೊದಲು ಕಲಿಯುವ ಪಾಠ ಏನು ಹೇಳು? ಅಮ್ಮನ ದೇವರು ಅಪ್ಪನನ್ನು ನಮ್ಮಿಂದ ಕಿತ್ತುಕೊಂಡ ಎಂಬುದು. ಆ ಪಾಠವನ್ನು ಮನಸ್ಸಿನಿಂದ ಅಳಿಸುವುದು ಎಷ್ಟು ಕಷ್ಟ ಗೊತ್ತಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಿನಗೆ ಬುದ್ಧಿ ಹೇಳಿದವರು ಮೂರು ವಚನ ತೋರಿಸಿದರು ಎಂದು ಬರೆದಿದ್ದೀಯ. ಒಂದೊಂದನ್ನೂ ನೋಡೋಣ.

ಎರಡನೆಯ ಕೊರಿಂಥ 6:14, ನಂಬದವರ ಜೊತೆ ಇಜ್ಜೋಡಾಗಬೇಡಿ ಎಂಬ ಮಾತು. ಇದು ಆಜ್ಞೆಯೇ, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಆದರೆ ಇದು ನೊಗಕ್ಕೆ ಹೆಗಲು ಕೊಡುವ ಮೊದಲು ಕೇಳಬೇಕಾದ ಮಾತು. ಕಟ್ಟಿಕೊಂಡ ನೊಗವನ್ನು ಮುರಿದು ಓಡಿಹೋಗು ಎಂದು ಅಲ್ಲಿ ಹೇಳಿಲ್ಲ. ಹೇಳಿದ್ದರೆ ಅದೇ ಪೌಲ ಅದೇ ಸಭೆಗೆ ಮೊದಲು ಬರೆದದ್ದನ್ನು ತಾನೇ ಅಳಿಸಿದ ಹಾಗಾಗುತ್ತಿತ್ತು.

ಎಜ್ರನ ಪುಸ್ತಕದ ಕೊನೆಯ ಅಧ್ಯಾಯಗಳು. ಬಾಬೆಲಿನ ಸೆರೆಯಿಂದ ಬಂದ ಯೆಹೂದ್ಯರು ಅನ್ಯಜನಾಂಗದ ಹೆಂಡತಿಯರನ್ನು ಕಳಿಸಿಬಿಟ್ಟರು. ಹೌದು, ನಡೆದದ್ದು ನಿಜ. ಆದರೆ ಅಲ್ಲಿನ ತಪ್ಪು ಏನು? ಧರ್ಮಶಾಸ್ತ್ರ ಬೇಡ ಎಂದಿದ್ದನ್ನು ಗೊತ್ತಿದ್ದೂ ದೇವಜನರೇ ಮಾಡಿದ್ದು. ನೀನು ಹಾಗೆ ಮಾಡಿಲ್ಲ. ನೀನು ಮದುವೆಯಾದಾಗ ಇಬ್ಬರೂ ಒಂದೇ ದಾರಿಯಲ್ಲಿದ್ದಿರಿ, ಆಮೇಲೆ ದೇವರು ನಿನ್ನನ್ನು ಕರೆದರು. ಒಂದು ಚಿಕ್ಕ ಜನಾಂಗ ಅಳಿದುಹೋಗುವ ಅಂಚಿನಲ್ಲಿದ್ದ ಕಾಲದ ಕ್ರಮವನ್ನು ಕ್ರಿಸ್ತನ ಸಭೆಗೆ ಹಾಗೇ ತರಲು ಬರುವುದಿಲ್ಲ. ಪೌಲ ಧರ್ಮಶಾಸ್ತ್ರ ಬಲ್ಲವನು, ಎಜ್ರನ ಕಥೆ ಅವನಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಅವನು ಬಿಡಬೇಡಿ ಎಂದ.

ಮೂರನೆಯದು ಸ್ವಲ್ಪ ಗಟ್ಟಿ. ಲೂಕ 14:26. ತಂದೆ ತಾಯಿ ಹೆಂಡತಿ ಮಕ್ಕಳನ್ನು ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಎಂದು ಸ್ವಾಮಿ ಹೇಳಿದ್ದಾರೆ. ಅದೇ ಮಾತು ಮತ್ತಾಯ 10:37ರಲ್ಲಿ ಬಿಚ್ಚಿ ಹೇಳಿದ ಹಾಗಿದೆ, ಅಲ್ಲಿ ತಂದೆ ತಾಯಿಯನ್ನು ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ತಕ್ಕವನಲ್ಲ ಎಂದಿದೆ. ಯಾರು ಮೊದಲು ಎಂಬ ಪ್ರಶ್ನೆ ಅದು. ಸ್ವಾಮಿಯ ಶಿಷ್ಯ ಪೇತ್ರನನ್ನೇ ನೋಡು. "ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವು" ಎಂದವನು ಅವನೇ. ಆದರೆ ಮೊದಲನೆಯ ಕೊರಿಂಥ 9:5 ಓದು. ಕೇಫನು, ಅಂದರೆ ಅದೇ ಪೇತ್ರನು, ಸೇವೆಯ ಪ್ರಯಾಣದಲ್ಲಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ ಎಂದು ಪೌಲ ಹೇಳುತ್ತಾನೆ. ಎಲ್ಲ ಬಿಟ್ಟವನು ಹೆಂಡತಿಯನ್ನು ಕೈಬಿಡಲಿಲ್ಲ. ಕ್ರಿಸ್ತನನ್ನು ಬಿಡು, ಇಲ್ಲ ನನ್ನನ್ನು ಬಿಡು ಎಂದು ಮನೆಯವರೇ ನಿನ್ನನ್ನು ನಿಲ್ಲಿಸಿ ಕೇಳುವ ದಿನ ಬಂದರೆ ಕ್ರಿಸ್ತನನ್ನು ಬಿಡಬೇಡ. ಆ ಆಯ್ಕೆಯನ್ನು ಅವರು ನಿನ್ನ ಮೇಲೆ ಹೇರಿದರೆ ಮಾತ್ರ. ನೀನಾಗಿ ಅದನ್ನು ಅವರ ಮೇಲೆ ಹೇರಬೇಡ.

ಅಂಥ ದಿನಕ್ಕೂ ಪೌಲ ಉತ್ತರ ಕೊಟ್ಟಿದ್ದಾನೆ, 15ನೇ ವಚನ. ನಂಬದವನು ಅಗಲಿ ಹೋಗಬೇಕೆಂದಿದ್ದರೆ ಹೋಗಲಿ, ಇಂಥ ಸಂದರ್ಭದಲ್ಲಿ ನಂಬಿದ ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲ. ದೇವರು ನಮ್ಮನ್ನು ಸಮಾಧಾನದಲ್ಲಿರಲು ಕರೆದಿದ್ದಾರೆ. ಅವರಾಗಿಯೇ ಹೊರಟರೆ ಕಾಲು ಹಿಡಿದು ಎಳೆಯಬೇಕಾಗಿಲ್ಲ, ನಿನ್ನ ಮೇಲೆ ದೋಷವೂ ಇಲ್ಲ. ಬಿಟ್ಟುಹೋದ ಮೇಲೆ ಮತ್ತೆ ಮದುವೆಯಾಗಬಹುದಾ ಎಂಬುದರಲ್ಲಿ ಸಭೆಗಳಲ್ಲಿ ಒಮ್ಮತವಿಲ್ಲ. ನಿನಗೆ ಈಗ ಆ ಪ್ರಶ್ನೆಯೇ ಬೇಡ. ಅಳಿಯಂದಿರು ಎಲ್ಲಿಗೂ ಹೊರಟಿಲ್ಲ. ನೀನೇ ಬರೆದಿದ್ದೀಯ, "ನಿನ್ನ ಪ್ರಾರ್ಥನೆ ನೀನು ಮಾಡಿಕೋ, ನನ್ನನ್ನು ಕರೆಯಬೇಡ" ಎಂದರಂತೆ. ಮಗಳೇ, ಇದು ಜೊತೆಗೆ ಬಾಳಲು ಒಪ್ಪಿದ ಮಾತಲ್ವಾ? ಪೌಲ ಕೇಳಿದ್ದೂ ಅಷ್ಟನ್ನೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ನಿನ್ನ ಮನೆಯಲ್ಲಿ ಅಂಥದ್ದೇನೂ ಇಲ್ಲ ಎಂದು ನನಗೆ ಗೊತ್ತು. ಆದರೂ ಈ ಪತ್ರವನ್ನು ನಿನ್ನ ಗೆಳತಿಯರಿಗೂ ಓದಿ ಹೇಳುತ್ತೀಯ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ಗಂಡ ಹೊಡೆಯುತ್ತಿದ್ದರೆ, ಜೀವಕ್ಕೆ ಅಥವಾ ಮಕ್ಕಳಿಗೆ ಅಪಾಯವಿದ್ದರೆ, ಅಲ್ಲಿ ಉಳಿದು ಪೆಟ್ಟು ತಿನ್ನು ಎಂದು ಈ ಅಧ್ಯಾಯ ಹೇಳುತ್ತಿಲ್ಲ. ಹೊಡೆಯುವವನು "ಜೊತೆಗೆ ಬಾಳಲು ಒಪ್ಪಿದವನು" ಅಲ್ಲ. ರಾಜ ಸೌಲನು ಈಟಿ ಎಸೆದಾಗ ದಾವೀದ ಅಲ್ಲೇ ನಿಂತಿರಲಿಲ್ಲ, ತಪ್ಪಿಸಿಕೊಂಡು ಓಡಿದ. ಪೌಲನೂ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ಪಾರಾದ. ಅಂಥ ಹೆಂಗಸು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ಕಾನೂನಿನ ಸಹಾಯ ಪಡೆಯಬೇಕು, ಸಭೆ ಅವಳ ಜೊತೆ ನಿಲ್ಲಬೇಕು. ಶಿಲುಬೆ ಹೊರುವುದು ಎಂಬ ಹೆಸರಿನಲ್ಲಿ ಅವಳನ್ನು ಮತ್ತೆ ಅದೇ ಕೈಗೆ ಒಪ್ಪಿಸುವುದು ದೊಡ್ಡ ಅನ್ಯಾಯ.

ಇನ್ನು ನಿನ್ನ ಕೆಲಸ. 17ರಿಂದ 24ರವರೆಗೆ ಒಂದೇ ಉಸಿರಿನಲ್ಲಿ ಓದು. ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದೆಯೋ ಅದರಲ್ಲೇ ಇರು ಎಂಬ ಮಾತು ಮೂರು ಸಲ ಬರುತ್ತದೆ, ಶುರುವಿನಲ್ಲಿ, ನಡುವೆ, ಕೊನೆಗೆ. ಯೆಹೂದ್ಯರ ಗುರುತಾದ ಸುನ್ನತಿ ಆದವನು ಅದನ್ನು ಅಳಿಸಲು ಹೋಗುವುದು ಬೇಡ, ಆಗದವನು ಮಾಡಿಸಿಕೊಳ್ಳುವುದೂ ಬೇಡ. ದಾಸನಾಗಿದ್ದಾಗ ಕರೆ ಬಂತಾ? ಚಿಂತೆ ಮಾಡಬೇಡ ಎನ್ನುತ್ತಾನೆ, ಬಿಡುಗಡೆ ಸಿಗುವ ಹಾಗಿದ್ದರೆ ಪಡೆದುಕೋ ಎಂದೂ ನಮ್ಮ ಸತ್ಯವೇದದಲ್ಲಿ ಓದುತ್ತೇವೆ. ಕ್ರಿಸ್ತನು ಬೆಲೆ ಕೊಟ್ಟು ನಿಮ್ಮನ್ನು ಕೊಂಡುಕೊಂಡಿದ್ದಾನೆ, ಮನುಷ್ಯರಿಗೆ ದಾಸರಾಗಬೇಡಿ ಎಂದೂ ಸೇರಿಸುತ್ತಾನೆ. ಹಾಗಾಗಿ ಇದು ಕೈಕಟ್ಟಿ ಕೂರುವ ಮಾತಲ್ಲ. ಒಳ್ಳೆಯ ಬದಲಾವಣೆ ಬಂದರೆ ತೆಗೆದುಕೋ. ಆದರೆ ಜಾಗ ಬದಲಾಗದೆ ನಾನು ಪೂರ್ತಿ ಕ್ರೈಸ್ತಳಲ್ಲ ಎಂದುಕೊಳ್ಳಬೇಡ. ದೇವರು ನಿನ್ನನ್ನು ಹುಡುಕಿಕೊಂಡು ಬಂದಾಗ ನೀನು ಅದೇ ಮನೆಯ ಹೆಂಡತಿಯಾಗಿದ್ದೆ, ಅದೇ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆ ವಿಳಾಸ ಅವರಿಗೆ ಗೊತ್ತಿದ್ದೇ ಬಂದರು. 24ನೇ ವಚನದಲ್ಲಿ ಒಂದು ಮಾತು ಹೆಚ್ಚಿಗೆ ಇದೆ ನೋಡು, ಆ ಸ್ಥಿತಿಯಲ್ಲೇ ದೇವರ ಜೊತೆ ಇರು ಎಂದಿದೆ. ಹಳೆಯ ಜಾಗವೇ, ಆದರೆ ಈಗ ಅಲ್ಲಿ ನೀನು ಒಬ್ಬಳೇ ಅಲ್ಲ.

ಸ್ನಾನಿಕನಾದ ಯೋಹಾನನ ಬಳಿಗೆ ಸುಂಕದವರು ಬಂದು "ನಾವು ಏನು ಮಾಡಬೇಕು?" ಎಂದು ಕೇಳಿದರು. ಸುಂಕದ ಕೆಲಸ ಬಿಡಿ ಎಂದು ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತಿಪಡಿ ಎಂದ. ಲೂಕ 3ನೇ ಅಧ್ಯಾಯ. ನಿನ್ನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಉಪದೇಶ ನನಗೆ ಕಾಣುವುದಿಲ್ಲ. ಲೆಕ್ಕ ಬರೆ, ಸುಳ್ಳು ಲೆಕ್ಕ ಬರೆಯಬೇಡ. ಮೇಲಿನವರು ಸುಳ್ಳು ಬರೆಸಲು ಬಂದರೆ ಆಗುವುದಿಲ್ಲ ಎನ್ನು. ಅದರಿಂದ ಕೆಲಸ ಹೋದರೆ ಹೋಗಲಿ, ಆಗ ಹೋದದ್ದಕ್ಕೆ ಅರ್ಥವಿದೆ. ಎಲ್ಲ ಕೆಲಸಕ್ಕೂ ಈ ಮಾತು ಹೊಂದುವುದಿಲ್ಲ ಎನ್ನುವುದೂ ಸತ್ಯವೇದದಲ್ಲೇ ಇದೆ. ಎಫೆಸದಲ್ಲಿ ಮಾಟಮಂತ್ರ ನಡೆಸುತ್ತಿದ್ದವರು ನಂಬಿದ ಮೇಲೆ ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ. ಪಾಪವೇ ಕಸುಬಾಗಿದ್ದರೆ ಆ ಕಸುಬಿನಲ್ಲೇ ಇರು ಎಂದು ಪೌಲ ಯಾರಿಗೂ ಹೇಳುವುದಿಲ್ಲ.

ನಿನಗೆ ಇನ್ನೊಂದು ಆಸೆ ಇದೆ ಎಂದು ಪತ್ರದಿಂದ ಗೊತ್ತಾಯಿತು. ಎಲ್ಲ ಬಿಟ್ಟು ನಂಬಿದವರ ನಡುವೆಯೇ ಇದ್ದು ಸೇವೆ ಮಾಡಬೇಕು ಎಂದು. ಆ ಹಸಿವು ಒಳ್ಳೆಯದೇ. ಮಾರ್ಕ 5ನೇ ಅಧ್ಯಾಯದಲ್ಲಿ ದೆವ್ವಗಳ ಹಿಡಿತದಿಂದ ಬಿಡುಗಡೆಯಾದ ಮನುಷ್ಯನಿಗೂ ಅದೇ ಹಸಿವಿತ್ತು. ದೋಣಿ ಹತ್ತುತ್ತಿದ್ದ ಸ್ವಾಮಿಯನ್ನು ನಾನೂ ನಿನ್ನ ಜೊತೆ ಬರುತ್ತೇನೆ ಎಂದು ಬೇಡಿಕೊಂಡ. ಸ್ವಾಮಿ ಬೇಡ ಎಂದರು. ಮನೆಗೆ ಹೋಗು, ನಿನ್ನವರ ಬಳಿಗೆ ಹೋಗು, ಕರ್ತನು ನಿನಗೆ ಮಾಡಿದ್ದನ್ನು ಅವರಿಗೆ ಹೇಳು ಎಂದರು. ಯೇಸುವಿನ ಜೊತೆಯಲ್ಲೇ ಇರಬೇಕೆಂಬ ಆಸೆಯನ್ನು ಯೇಸುವೇ ಹೀಗೆ ತಿರುಗಿಸಿ ಮನೆಗೆ ಕಳಿಸಿದರು.

ಹಾಗಾದರೆ ಮನೆಯಲ್ಲಿ ಹೇಗಿರಬೇಕು? ಪೇತ್ರನ ಮೊದಲನೆಯ ಪತ್ರಿಕೆ 3ನೇ ಅಧ್ಯಾಯ ನಿನ್ನಂಥವರಿಗೇ ಬರೆದದ್ದು. ವಾಕ್ಯಕ್ಕೆ ಕಿವಿಗೊಡದ ಗಂಡಂದಿರು ಹೆಂಡತಿಯರ ನಡತೆ ನೋಡಿ, ಮಾತಿಲ್ಲದೆಯೇ ದೇವರ ಕಡೆಗೆ ಬರಬಹುದು ಎನ್ನುತ್ತಾನೆ. ಮಾತಿಲ್ಲದೆ ಎಂಬುದನ್ನು ಚೆನ್ನಾಗಿ ನೆನಪಿಡು. ಊಟಕ್ಕೆ ಕೂತಾಗ ಒಂದು ವಚನ, ಮಲಗುವಾಗ ಒಂದು ಉಪದೇಶ, ಕೇಳಲಿ ಎಂದು ಜೋರಾಗಿ ಮಾಡುವ ಪ್ರಾರ್ಥನೆ, ಇವು ಬೇಡ. ಅವರು ಕೇಳಿದರೆ ಹೇಳು. ಅದೇ ಅಧ್ಯಾಯದ 15ನೇ ವಚನ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಕೊಡಿ ಎನ್ನುತ್ತದೆ. ಕೇಳದಿದ್ದರೆ ಮೊದಲಿಗಿಂತ ಜಾಸ್ತಿ ಪ್ರೀತಿ ಮಾಡು. ಭಕ್ತಿಯ ನೆಪದಲ್ಲಿ ಗಂಡನಿಂದ ದೂರ ಮಲಗಬೇಡ. 7ನೇ ಅಧ್ಯಾಯದ 3ರಿಂದ 5ನೇ ವಚನ ಇದನ್ನು ಸಂಕೋಚವಿಲ್ಲದೆ ಹೇಳಿದೆ, ನಾನೂ ಸಂಕೋಚಪಡುವುದಿಲ್ಲ. ಇಬ್ಬರೂ ಒಪ್ಪಿ, ಸ್ವಲ್ಪ ಕಾಲ, ಪ್ರಾರ್ಥನೆಗೆಂದು ಮಾತ್ರ. ಆಮೇಲೆ ಮತ್ತೆ ಒಂದಾಗಿ ಎಂದಿದೆ.

ಅವರ ಆರಾಧನೆಯಲ್ಲಿ ಸೇರಲಾರೆ ಎಂದು ಹೇಳುವ ಹಕ್ಕು ನಿನಗಿದೆ. ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳು. ಜೊತೆಗಿರುವುದು ಬೇರೆ, ಅಡ್ಡಬೀಳುವುದು ಬೇರೆ. ದಾನಿಯೇಲನ ಮೂವರು ಗೆಳೆಯರು ಬಾಬೆಲಿನ ರಾಜನ ಕೆಲಸ ಮಾಡಿದರು, ಅವನ ಪ್ರತಿಮೆಗೆ ಮಾತ್ರ ಅಡ್ಡಬೀಳಲಿಲ್ಲ. ಅರಾಮ್ಯರ ಸೇನಾಪತಿ ನಾಮಾನನ ಕಥೆಯನ್ನೂ ಓದು, ಎರಡನೆಯ ಅರಸುಗಳು 5ನೇ ಅಧ್ಯಾಯ. ನಂಬಿದ ಮೇಲೆ ಅವನು ಪ್ರವಾದಿ ಎಲೀಷನ ಹತ್ತಿರ ಒಂದು ಕಷ್ಟ ಹೇಳಿಕೊಂಡ. ನನ್ನ ರಾಜ ನನ್ನ ಕೈಗೆ ಒರಗಿಕೊಂಡು ರಿಮ್ಮೋನನ ಗುಡಿಯಲ್ಲಿ ಬಾಗುವಾಗ ನಾನೂ ಬಾಗಬೇಕಾಗುತ್ತದೆ, ಕರ್ತನು ಕ್ಷಮಿಸಲಿ ಎಂದ. ಎಲೀಷ ಅವನನ್ನು ಗದರಿಸಲಿಲ್ಲ. ಸಮಾಧಾನದಿಂದ ಹೋಗು ಎಂದ. ಇದನ್ನು ಎಲ್ಲದಕ್ಕೂ ಅಪ್ಪಣೆ ಎಂದು ಹಿಡಿಯಬಾರದು. ಹೊಸದಾಗಿ ನಂಬಿದವನು ಹಳೆಯ ಮನೆಗೆ ವಾಪಸು ಹೋಗುವಾಗ ಆಗುವ ಸಂಕಟ ದೇವರಿಗೆ ಅರ್ಥವಾಗುತ್ತದೆ ಎಂದು ಹಿಡಿ. ಬಡಿಸಿದ್ದನ್ನು ತಿನ್ನುವ ವಿಷಯ ಮೊದಲನೆಯ ಕೊರಿಂಥ 10:27ರಲ್ಲಿದೆ, ಅದನ್ನೂ ಮುಂದಿನ ವಚನವನ್ನೂ ಸೇರಿಸಿ ಓದಿಕೋ.

ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ಮೋನಿಕ ಎಂಬ ತಾಯಿ ಇದ್ದಳು. ದೊಡ್ಡ ಸಭಾಧ್ಯಕ್ಷನಾದ ಅಗಸ್ಟೀನನ ತಾಯಿ. ಗಂಡ ಪತ್ರಿಸಿಯಸ್ ನಂಬಿದವನಲ್ಲ, ಮುಂಗೋಪಿ, ಹೆಂಡತಿಗೆ ನಿಷ್ಠೆಯಿಂದಲೂ ಇರಲಿಲ್ಲ. ಅವಳು ಅವನು ಸಿಟ್ಟಿನಲ್ಲಿದ್ದಾಗ ಎದುರಾಡದೆ, ತಣ್ಣಗಾದ ಮೇಲೆ ತನ್ನ ಮಾತು ಹೇಳುತ್ತಿದ್ದಳು, ತನ್ನ ನಡತೆಯಿಂದಲೇ ಅವನಿಗೆ ದೇವರ ವಿಷಯ ತಿಳಿಸಿದಳು ಎಂದು ಮಗನೇ ಬರೆದಿದ್ದಾನೆ. ಪತ್ರಿಸಿಯಸ್ ಬದುಕಿನ ಕೊನೆಗಾಲದಲ್ಲಿ ನಂಬಿದ. ನಿನಗೂ ಹೀಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ, ಪೌಲನೂ ಕೊಡಲಿಲ್ಲ. ಆದರೆ ಇದು ನಡೆಯದ ಮಾತೇನಲ್ಲ.

ತಂಗಿಯ ಮದುವೆ ಬಗ್ಗೆ ಕೇಳಿದ್ದೀಯ. ಅವಳೂ ನಂಬಿದ್ದಾಳೆ, ಇನ್ನೂ ಮದುವೆಯಾಗಿಲ್ಲ. ಅವಳ ಲೆಕ್ಕ ಬೇರೆ. ನಿನಗೆ ಇರು ಎಂದ ಅದೇ ಅಧ್ಯಾಯ, ಮದುವೆಯಾಗಲು ಸ್ವತಂತ್ರಳಾದ ವಿಧವೆಗೆ ಕರ್ತನಲ್ಲಿರುವವನನ್ನೇ ಮದುವೆಯಾಗು ಎನ್ನುತ್ತದೆ, 39ನೇ ವಚನ. ಕನ್ಯೆಗೂ ಅದೇ ಸಲ್ಲುತ್ತದೆ. ಅಕ್ಕನ ಸಂಸಾರ ನಡೆಯುತ್ತಿದೆ, ನನ್ನದೂ ನಡೆದೀತು ಎಂದು ಅವಳು ನಂಬದವನನ್ನು ಆರಿಸಿಕೊಳ್ಳಬಾರದು. ಮದುವೆಯೇ ಬೇಡ ಎಂದರೆ ಅದೂ ಕೊರತೆಯ ಬಾಳಲ್ಲ, ಪೌಲ ಅದನ್ನು ದೇವರು ಕೊಟ್ಟ ವರ ಎಂದೇ ಕರೆದಿದ್ದಾನೆ. ಅವಳಿಗೆ ನಾನೇ ಬೇರೆಯಾಗಿ ಬರೆಯುತ್ತೇನೆ.

ದೀಕ್ಷಾಸ್ನಾನವನ್ನು ಗಂಡನಿಗೆ ಗೊತ್ತಾಗದ ಹಾಗೆ ಮಾಡಿಸಿಕೊಳ್ಳಲು ಹೊರಟಿದ್ದೀಯಲ್ಲ, ಅದನ್ನು ಸ್ವಲ್ಪ ನಿಲ್ಲಿಸು. ಬೇಡ ಎನ್ನುತ್ತಿಲ್ಲ, ತೆಗೆದುಕೊಳ್ಳಲೇಬೇಕು. ಆದರೆ ಕದ್ದು ಬೇಡ. ಮೊದಲು ಅವರ ಜೊತೆ ಕೂತು ಹೇಳು: ನಾನು ಯೇಸುವನ್ನು ನಂಬಿದ್ದೇನೆ, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಈ ಎರಡೂ ನಿಜ. ಅವರಿಗೆ ಈಗ ಇರುವ ದೊಡ್ಡ ಭಯ ಎರಡನೆಯದರ ಬಗ್ಗೆಯೇ ಇರಬೇಕು. ಅದನ್ನು ನಿನ್ನ ಬಾಯಿಂದಲೇ ಅವರು ಕೇಳಲಿ. ಅವರು ಏನೆಂದರು ಎಂದು ನನಗೆ ಬರೆ. ಬೇಕಿದ್ದರೆ ನಾನೇ ಬಂದು ಅಳಿಯಂದಿರ ಜೊತೆ ಮಾತಾಡುತ್ತೇನೆ, ಸಭಾಪಾಲಕರನ್ನು ಈಗಲೇ ಮನೆಗೆ ಕರೆಸಬೇಡ. ನಿಮ್ಮಿಬ್ಬರಿಗಾಗಿಯೂ ಮಕ್ಕಳಿಗಾಗಿಯೂ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೇನೆ.

ಕರ್ತನ ಸಮಾಧಾನ ನಿಮ್ಮ ಮನೆಯಲ್ಲಿರಲಿ.

ನಿನ್ನ ಪ್ರೀತಿಯ
ದೊಡ್ಡಮ್ಮ